ನಿಂತುಬಿಟ್ಟ ಸುಳಿಗಳು: ಕಾಸ್ಮಿಕ್ ಸ್ಟ್ರಿಂಗ್ ಸಿಮ್ಯುಲೇಶನ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಜುಲೈ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದಳು. ಮಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಮನೆ ಮಲ್ಪೆ. ಕಾಸ್ಮಿಕ್ ಸ್ಟ್ರಿಂಗ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಪ್ರಾಜೆಕ್ಟ್ ಕೆಲಸ ಹಿಡಿದುಕೊಂಡು ಊರಿಗೆ ಬಂದಿದ್ದಳು.

"ಮೇಡಂ, ಸುಳಿ ಎಲ್ಲ ನಿಂತಲ್ಲೇ ನಿಂತಿದೆ. ಎಷ್ಟು ಓಡಿಸಿದ್ರೂ 62ರಿಂದ ಕೆಳಗೆ ಇಳಿಯುದೇ ಇಲ್ಲ. ಇದು ಏನಾದ್ರೂ ಹೊಸ ಫಿಸಿಕ್ಸ್ ಇರಬಹುದಾ?"

"ಇರಬಹುದು ಮಾರಾಯ್ತಿ. ಆದ್ರೆ ಮೊದಲು ಗ್ರಿಡ್ ಹತ್ರ ಕೇಳುವ" ಅಂದೆ.

ಮರುದಿನ ಅವಳ ಮನೆಗೆ ಹೋದೆ. ಮೂರು ದಿನ ಕೂತು ಆ ದೋಷವನ್ನು ಹಿಡಿದೆವು. ದಾರಿಯಲ್ಲಿ ಇನ್ನೂ ಮೂರ್ನಾಲ್ಕು ಸಿಕ್ಕಿದವು. ನಾವು ಹುಡುಕಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಸಿಮ್ಯುಲೇಶನ್ ಬರೆಯುವ ಯಾರಿಗಾದರೂ ಇವೇ ತಪ್ಪುಗಳು ಎದುರಾಗುತ್ತವೆ.

ಅವಳು ಓಡಿಸುತ್ತಿದ್ದದ್ದು ಏನು

ಬ್ರಹ್ಮಾಂಡ ಹೊಸತರಲ್ಲಿ ತುಂಬ ಬಿಸಿ ಇತ್ತು. ತಣ್ಣಗಾಗುವಾಗ ಒಂದು ಫೀಲ್ಡ್ (ಎಲ್ಲ ಕಡೆ ಹರಡಿ, ಪ್ರತಿ ಬಿಂದುವಿನಲ್ಲೂ ಒಂದು ಬೆಲೆ ಇರುವಂಥದ್ದು) ಜಾಗಜಾಗದಲ್ಲೂ ತನಗೊಂದು ದಿಕ್ಕು ಆರಿಸಿಕೊಂಡಿತು ಅಂದುಕೊಳ್ಳಿ. ದೂರದ ಎರಡು ಜಾಗಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಲ್ಲ. ಮುಟ್ಟಿಸಲು ಬೆಳಕಿಗೂ ಅಷ್ಟು ಹೊತ್ತು ಸಿಕ್ಕಿಲ್ಲ. ಹಾಗಾಗಿ ಇಲ್ಲಿ ಒಂದು ದಿಕ್ಕು, ಅಲ್ಲಿ ಇನ್ನೊಂದು. ಇವು ಕೂಡುವ ಕೆಲವು ಕಡೆ ಎಷ್ಟು ಸರಿಮಾಡಿದರೂ ಹೊಂದುವುದಿಲ್ಲ. ಮಕ್ಕಳ ತಲೆಯ ಸುಳಿ ಗೊತ್ತಲ್ವಾ? ಕೂದಲನ್ನು ಯಾವ ಕಡೆ ಬಾಚಿದರೂ ಸುಳಿ ಹೋಗುವುದಿಲ್ಲ. ಅದರ ನಡುವೆ ಯಾವ ದಿಕ್ಕೂ ಇಲ್ಲದ ಒಂದು ಚುಕ್ಕಿ ಇರುತ್ತದೆ. ಫೀಲ್ಡಿನಲ್ಲೂ ಹಾಗೆಯೇ. ಆ ಚುಕ್ಕಿಯಲ್ಲಿ ಫೀಲ್ಡಿನ ಬೆಲೆ ಸೊನ್ನೆ. ಮೂರು ಆಯಾಮದಲ್ಲಿ ಇಂಥ ಚುಕ್ಕಿಗಳು ಸಾಲಾಗಿ ಸೇರಿ ಉದ್ದ ಎಳೆಯಾಗುತ್ತವೆ. ಅದೇ ಕಾಸ್ಮಿಕ್ ಸ್ಟ್ರಿಂಗ್. ಟಾಮ್ ಕಿಬಲ್ 1976ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಫೀಲ್ಡಿಗೆ ಎರಡೇ ಆಯ್ಕೆ ಇದ್ದರೆ ಎಳೆಯ ಬದಲು ಗೋಡೆ ಹುಟ್ಟುತ್ತದೆ. ಯಾವ ಕಡೆಗೂ ತಿರುಗಬಲ್ಲ ಬಾಣದಂಥ ಫೀಲ್ಡಾದರೆ ಮಾನೋಪೋಲ್ ಎಂಬ ಒಂಟಿ ಚುಕ್ಕಿ.

ಇವನ್ನು ಆಕಾಶದಲ್ಲಿ ಇನ್ನೂ ಯಾರೂ ಕಂಡಿಲ್ಲ. ಗ್ರ್ಯಾಂಡ್ ಯೂನಿಫಿಕೇಶನ್ ಮಟ್ಟದ, ಅಂದರೆ ಗುರುತ್ವ ಬಿಟ್ಟು ಉಳಿದ ಮೂಲ ಬಲಗಳು ಒಂದಾಗುತ್ತವೆ ಅನ್ನುವಷ್ಟು ಹೆಚ್ಚಿನ ಶಕ್ತಿಯಲ್ಲಿ ಹುಟ್ಟಿದ ಎಳೆಯ ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. ಉಡುಪಿ ಪೇಟೆಯಿಂದ ಮಲ್ಪೆ ಕಡಲವರೆಗೆ ಅಂಥದ್ದೊಂದು ಎಳೆ ಎಳೆದರೆ ಅದರ ತೂಕ ಇಡೀ ಭೂಮಿಗಿಂತ ಜಾಸ್ತಿ. ಅಷ್ಟು ಭಾರದ ಎಳೆ ಇದ್ದಿದ್ದರೆ ಬ್ರಹ್ಮಾಂಡದ ಹಳೆಯ ಬೆಳಕಿನಲ್ಲಿ ಗುರುತು ಬಿಡಬೇಕಿತ್ತು. ಪ್ಲ್ಯಾಂಕ್ ಉಪಗ್ರಹ ಅದನ್ನು ಹುಡುಕಿ ಕಾಣಲಿಲ್ಲ. ಹಾಗಾಗಿ ಎಳೆಗಳಿದ್ದರೆ ಅವು ಇದಕ್ಕಿಂತ ಸುಮಾರು ಹತ್ತು ಪಟ್ಟಾದರೂ ಹಗುರ ಇರಬೇಕು. ಈ ಮಿತಿಯನ್ನು ಹಾಕುವುದಕ್ಕೂ ಎಳೆಗಳು ಕಾಲ ಕಳೆದಂತೆ ಹೇಗೆ ನಡೆದುಕೊಳ್ಳುತ್ತವೆ ಅಂತ ಮೊದಲು ತಿಳಿದಿರಬೇಕು. ಅದನ್ನು ತಿಳಿಯಲು ಸಿಮ್ಯುಲೇಶನ್ ಬೇಕು. ಅದಕ್ಕೇ ಈ ತಪ್ಪುಗಳ ಬಗ್ಗೆ ನನಗೆ ಇಷ್ಟು ಕಾಳಜಿ.

ಅವಳದ್ದು ಎರಡು ಆಯಾಮದ ರನ್. ಎಳೆಗಳೆಲ್ಲ ಒಂದೇ ದಿಕ್ಕಿಗೆ ನೆಟ್ಟಗೆ ನಿಂತಿವೆ ಅಂದುಕೊಂಡು ಅಡ್ಡ ಕೊಯ್ದು ನೋಡಿದ ಹಾಗೆ. ಕೊಯ್ದ ಮೇಲೆ ಕಾಣುವುದು ಸುಳಿಗಳು. ಬಲಕ್ಕೆ ತಿರುಗುವ ಸುಳಿ, ಎಡಕ್ಕೆ ತಿರುಗುವ ಸುಳಿ. ಎದುರು ಬದುರಾದರೆ ಎರಡೂ ಅಳಿಸಿಹೋಗುತ್ತವೆ. ಗ್ರಿಡ್, ಅಂದರೆ ಫೀಲ್ಡಿನ ಬೆಲೆ ಲೆಕ್ಕ ಹಾಕುವ ಬಿಂದುಗಳ ಬಲೆ, 1024ಕ್ಕೆ 1024. ಬಿಂದುವಿನಿಂದ ಬಿಂದುವಿಗೆ ದೂರ 0.5. ಹಾಗಾಗಿ ಬಾಕ್ಸಿನ ಅಗಲ 512. ಬೆಳಕಿನ ವೇಗ 1. ಸಮಯ 25ರಿಂದ ಶುರು. ಬ್ರಹ್ಮಾಂಡದಲ್ಲಿ ವಿಕಿರಣದ ಶಕ್ತಿಯೇ ಹೆಚ್ಚಿದ್ದ ಯುಗ, ಆದ್ದರಿಂದ ಸ್ಕೇಲ್ ಫ್ಯಾಕ್ಟರ್, ಅಂದರೆ ಬ್ರಹ್ಮಾಂಡ ಎಷ್ಟು ಪಟ್ಟು ಹಿಗ್ಗಿದೆ ಅನ್ನುವ ಲೆಕ್ಕ, ಸಮಯದ ಜೊತೆ ನೇರವಾಗಿ ಏರುತ್ತದೆ. ಶುರುವಿನಲ್ಲಿ 1, ಸಮಯ 200 ಆಗುವಾಗ 8. ಇಲ್ಲಿ ಸಮಯ ಅಂದರೆ ಕಾನ್‌ಫಾರ್ಮಲ್ ಟೈಮ್, ಹಿಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಅಳೆದ ಸಮಯ.

ಸರಿಯಾದ ರನ್‌ನಲ್ಲಿ ಸುಳಿಗಳ ನಡುವಿನ ಸರಾಸರಿ ದೂರ ಸಮಯದ ಜೊತೆ ನೇರವಾಗಿ ಬೆಳೆಯಬೇಕು. ಸಮಯ ಎರಡು ಪಟ್ಟಾದರೆ ಸುಳಿಗಳ ಸಂಖ್ಯೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಬೇಕು. ಇದಕ್ಕೆ ಸ್ಕೇಲಿಂಗ್ ಅನ್ನುತ್ತಾರೆ. ಅವಳ ಗ್ರಾಫ್ 100ರವರೆಗೆ ಇಳಿದಿತ್ತು. ಆಮೇಲೆ ಮೇಜಿನ ಹಾಗೆ ಸಪಾಟು.

ಮೊದಲು ಎಣಿಕೆಯನ್ನೇ ಅನುಮಾನಿಸಿ

ಸುಳಿ ನಿಜವಾಗಿ 62 ಇದೆಯಾ, ಅಥವಾ ಎಣಿಸುವ ಕೋಡ್ ಹಾಗೆ ಹೇಳುತ್ತಿದೆಯಾ? ಫಿಸಿಕ್ಸ್‌ಗೆ ಕೈ ಹಾಕುವ ಮೊದಲು ಇದು ಇತ್ಯರ್ಥ ಆಗಬೇಕು.

ಎಣಿಸುವ ಬಗೆ ಇದು. ಗ್ರಿಡ್‌ನ ಒಂದು ಚಿಕ್ಕ ಚೌಕ ತೆಗೆದುಕೊಳ್ಳಿ. ನಾಲ್ಕು ಮೂಲೆಯಲ್ಲೂ ಫೀಲ್ಡಿನ ಕೋನ ಬರೆದುಕೊಳ್ಳಿ. ಒಂದು ಮೂಲೆಯಿಂದ ಮುಂದಿನದಕ್ಕೆ ಕೋನ ಎಷ್ಟು ತಿರುಗಿತು ಅಂತ ನೋಡುತ್ತಾ ಪೂರ್ತಿ ಸುತ್ತು ಬನ್ನಿ. ಒಟ್ಟು 360 ಅಥವಾ ಮೈನಸ್ 360 ಡಿಗ್ರಿ ಆದರೆ ಒಳಗೆ ಸುಳಿ ಇದೆ. ಸೊನ್ನೆ ಆದರೆ ಇಲ್ಲ.

ಕಾಗದದ ಮೇಲೆ ಒಂದು ಚೌಕ ಮಾಡಿ ತೋರಿಸಿದೆ. ಮೂಲೆಗಳಲ್ಲಿ 10, 100, ಮೈನಸ್ 170, ಮೈನಸ್ 80. ಕಂಪ್ಯೂಟರ್ ಕೋನವನ್ನು ಮೈನಸ್ 180ರಿಂದ 180ರ ಒಳಗೆ ಕೊಡುತ್ತದೆ, ಅದಕ್ಕೆ ಈ ಮೈನಸ್. ವ್ಯತ್ಯಾಸಗಳು 90, ಮೈನಸ್ 270, 90, 90. ಕೂಡಿಸಿದರೆ ಸೊನ್ನೆ. ಸುಳಿ ಇಲ್ಲ ಅಂತ ಉತ್ತರ ಬಂತು. ಆದರೆ ಸುಳಿ ಇದೆ! ಪ್ರತಿ ಮೂಲೆಗೂ ಬಾಣ 90 ಡಿಗ್ರಿ ತಿರುಗುತ್ತಾ ಹೋಗಿದೆ. ಮೈನಸ್ 270 ಅಂದದ್ದು ನಿಜಕ್ಕೂ ಹತ್ತಿರದ ದಾರಿಯಲ್ಲಿ 90. ಒಂದೊಂದು ವ್ಯತ್ಯಾಸವನ್ನೂ ಮೈನಸ್ 180 ಮತ್ತು 180ರ ನಡುವೆ ತಂದು ಆಮೇಲೆ ಕೂಡಿಸಬೇಕು. ಆಗ 360 ಬರುತ್ತದೆ. ಹಾಗೆ ಮಾಡದೆ ಕೂಡಿಸಿದರೆ ಯಾವ ಚೌಕದಲ್ಲೂ ಯಾವತ್ತೂ ಸೊನ್ನೆಯೇ. ನಾಲ್ಕು ಸಂಖ್ಯೆಗಳನ್ನು ಸುತ್ತಿ ಕಳೆದರೆ ಬೇರೇನು ಬಂದೀತು?

ಎಣಿಕೆ ಯಾವಾಗಲೂ ಸೊನ್ನೆ ಬರಲು ಇನ್ನೊಂದು ಕಾರಣವೂ ಉಂಟು. ಬಲ ಸುಳಿಗೆ ಪ್ಲಸ್ 1, ಎಡ ಸುಳಿಗೆ ಮೈನಸ್ 1 ಇಟ್ಟು ಹಾಗೇ ಕೂಡಿಸುವುದು. ಬಾಕ್ಸಿನ ಎಡ ಅಂಚು ಬಲ ಅಂಚಿಗೆ ಅಂಟಿಕೊಂಡಿರುವಾಗ ಎರಡೂ ಬಗೆಯ ಸುಳಿಗಳು ಸಮ ಇರಲೇಬೇಕು. ಆ ಮೊತ್ತ ಸೊನ್ನೆ ಬರುವುದು ತಪ್ಪಲ್ಲ, ಅದು ಒಳ್ಳೆಯ ಪರೀಕ್ಷೆ. ಸುಳಿಗಳ ಸಂಖ್ಯೆ ಬೇಕಾದರೆ ಚಿಹ್ನೆ ಬಿಟ್ಟು ಕೂಡಿಸಬೇಕು ಅಷ್ಟೆ.

ಎಣಿಕೆಗೆ ನನಗೆ ತುಂಬ ಇಷ್ಟವಾದ ಪರೀಕ್ಷೆ ಬೇರೆ ಇದೆ. ಪ್ರತಿ ಬಿಂದುವಿಗೂ ಸುಮ್ನೆ ಒಂದು ಅಡ್ಡಾದಿಡ್ಡಿ ಕೋನ ಕೊಡಿ. ಪಕ್ಕದ ಬಿಂದುವಿಗೂ ಇದಕ್ಕೂ ಸಂಬಂಧವೇ ಇರಬಾರದು. ಆಗ ಒಂದು ಚೌಕದಲ್ಲಿ ಸುಳಿ ಇರುವ ಸಾಧ್ಯತೆ ಸರಿಯಾಗಿ ಮೂರರಲ್ಲಿ ಒಂದು. ಇದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. 1024ರ ಗ್ರಿಡ್‌ನಲ್ಲಿ 10,48,576 ಚೌಕಗಳು. ಮೂರನೇ ಒಂದು ಅಂದರೆ ಸುಮಾರು 3,49,500. ಕೆಲವು ನೂರು ಆಚೀಚೆ ಆದರೆ ಚಿಂತೆ ಇಲ್ಲ. ಸಾವಿರಗಟ್ಟಲೆ ತಪ್ಪಿದರೆ ಕೋಡ್‌ನಲ್ಲಿ ತಪ್ಪಿದೆ. ನೆರೆಯ ಬಿಂದುವನ್ನು ತರಲು ಕೋಡ್‌ನಲ್ಲಿ ಸಂಖ್ಯೆಗಳ ಕೋಷ್ಟಕವನ್ನು (array) ಉರುಳಿಸುವಾಗ ಅಡ್ಡ ಸಾಲಿನ ಬದಲು ಉದ್ದ ಸಾಲು ಉರುಳಿಸಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ.

ಅವಳ ಎಣಿಕೆ ಪಾಸಾಯಿತು. ಬಲ ಸುಳಿ 31, ಎಡ ಸುಳಿ 31. ಹಾಗಾದರೆ 62 ನಿಜ.

ರನ್ ಸಿಡಿಯುವುದು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ತಾನೇ ಕೂಗಿ ಹೇಳುತ್ತದೆ. ಪರದೆ ತುಂಬ ನ್ಯಾನ್ (NaN), ಅಂದರೆ ಸಂಖ್ಯೆಯೇ ಅಲ್ಲದ ಉತ್ತರ. ಶುರುವಿನಲ್ಲೇ ಬಂದರೆ ಎರಡೇ ಅನುಮಾನ. ಒಂದು, ಸಮಯವನ್ನು ಸೊನ್ನೆಯಿಂದ ಶುರು ಮಾಡಿದ್ದೀರಿ. ಹಿಗ್ಗುವಿಕೆಯಿಂದ ಬರುವ ಘರ್ಷಣೆಯ ಪದದಲ್ಲಿ ಸಮಯದಿಂದ ಭಾಗಿಸಬೇಕಾಗುತ್ತದೆ, ಅಲ್ಲಿ ಕೆಟ್ಟುಹೋಗುತ್ತದೆ. ಎರಡು, ಟೈಮ್ ಸ್ಟೆಪ್, ಅಂದರೆ ಒಂದು ಸಲಕ್ಕೆ ಮುಂದಿಡುವ ಸಮಯದ ಹೆಜ್ಜೆ, ದೊಡ್ಡದು. ಒಂದು ಹೆಜ್ಜೆಯಲ್ಲಿ ಬೆಳಕು ಗ್ರಿಡ್ ಬಿಟ್ಟು ಹಾರಬಾರದು. ಎರಡು ಆಯಾಮದಲ್ಲಿ ಹೆಜ್ಜೆ ಗ್ರಿಡ್ ದೂರದ 0.7 ಪಾಲಿಗಿಂತ ಕಮ್ಮಿ ಇರಬೇಕು, ಮೂರು ಆಯಾಮದಲ್ಲಿ 0.57ಕ್ಕಿಂತ ಕಮ್ಮಿ.

ಆದರೆ ಅವಳಿಗೆ ಮೊದಲ ವಾರ ಸಿಕ್ಕಿದ್ದು ಬೇರೆ ಬಗೆಯದ್ದು. ಹೆಜ್ಜೆ 0.2 ಇಟ್ಟಿದ್ದಳು, ಮಿತಿ 0.35. ಎಲ್ಲ ಚೆನ್ನಾಗಿ ಓಡುತ್ತಿತ್ತು. ಸಮಯ 145ರ ಹತ್ತಿರ ಬಂದ ಕೂಡಲೇ ಸಿಡಿಯುತ್ತಿತ್ತು. ಪ್ರತಿ ಸಲವೂ ಅಲ್ಲೇ. ಕಾರಣ, ಫೀಲ್ಡನ್ನು ತನ್ನ ಬೆಲೆಗೆ ಎಳೆಯುವ ಬಲ ಸ್ಕೇಲ್ ಫ್ಯಾಕ್ಟರಿನ ವರ್ಗದಷ್ಟು ಏರುತ್ತದೆ. ಫೀಲ್ಡು ಬೇಗ ಬೇಗ ಕಂಪಿಸುತ್ತಾ ಹೋಗುತ್ತದೆ. ಶುರುವಿನಲ್ಲಿ ಸಾಕಾಗಿದ್ದ ಹೆಜ್ಜೆ ಕೊನೆಗೆ ಸಾಲುವುದಿಲ್ಲ. ಅವಳ ಬೆಲೆಗಳಿಗೆ ಲೆಕ್ಕ ಹಾಕಿದರೆ 0.2ರ ಹೆಜ್ಜೆ ಸ್ಕೇಲ್ ಫ್ಯಾಕ್ಟರ್ 5.8 ಆಗುವಾಗ ಕೈಬಿಡಬೇಕು. ಅಂದರೆ ಸಮಯ 146. ಕಾಗದದ ಲೆಕ್ಕವೂ ಪರದೆಯೂ ಒಂದೇ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಹೆಜ್ಜೆಯನ್ನು 0.1ಕ್ಕೆ ಇಳಿಸಿದ ಮೇಲೆ ಸಿಡಿಯುವುದು ನಿಂತಿತು.

ಸಿಡಿಯದಿದ್ದರೆ ಸರಿ ಇದೆ ಅಂತ ಅರ್ಥ ಅಲ್ಲ. ಹಿಗ್ಗುವಿಕೆಯನ್ನು ಪೂರ್ತಿ ಆಫ್ ಮಾಡಿ ಒಮ್ಮೆ ಓಡಿಸಿ. ಆಗ ಒಟ್ಟು ಶಕ್ತಿ ಉಳಿಯಲೇಬೇಕು. ಫೀಲ್ಡನ್ನೂ ಅದರ ವೇಗವನ್ನೂ ಒಂದಾದ ಮೇಲೊಂದು ಮುಂದಕ್ಕೆ ತಳ್ಳುವ ಲೀಪ್‌ಫ್ರಾಗ್ ವಿಧಾನದಲ್ಲಿ ಶಕ್ತಿ ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ. ಹೆಜ್ಜೆಯನ್ನು ಅರ್ಧ ಮಾಡಿ. ಆ ಆಟ ನಾಲ್ಕನೇ ಒಂದು ಭಾಗಕ್ಕೆ ಇಳಿಯಬೇಕು. ಅರ್ಧಕ್ಕೆ ಮಾತ್ರ ಇಳಿದರೆ ವೇಗ ಮತ್ತು ಫೀಲ್ಡಿನ ಸಮಯ ಎಲ್ಲೋ ಅರ್ಧ ಹೆಜ್ಜೆ ತಪ್ಪಿದೆ.

ಬಿಸಿ ಆರದ ಫೀಲ್ಡು

ಎಣಿಕೆ ಏರುತ್ತಾ ಇಳಿಯುತ್ತಾ ಕುಣಿಯುತ್ತಿದ್ದರೆ ಇದನ್ನು ನೋಡಿ. ಅಡ್ಡಾದಿಡ್ಡಿ ಕೋನದಿಂದ ಶುರು ಮಾಡಿದ ಫೀಲ್ಡಿನಲ್ಲಿ ತುಂಬ ಶಕ್ತಿ ತುಂಬಿರುತ್ತದೆ. ಕುದಿಯುವ ಗಂಜಿಯ ಹಾಗೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಆ ಗುಳ್ಳೆಗಳಲ್ಲಿ ಫೀಲ್ಡು ಕ್ಷಣ ಕಾಲ ಸೊನ್ನೆ ಮುಟ್ಟುತ್ತದೆ. ಒಂದು ಬಲ ಸುಳಿ, ಒಂದು ಎಡ ಸುಳಿ ಜೋಡಿಯಾಗಿ ಹುಟ್ಟಿ ಮರುಕ್ಷಣ ಅಳಿಸಿಹೋಗುತ್ತದೆ. ಕೋಡ್ ಅದನ್ನೂ ಎಣಿಸುತ್ತದೆ. ಪಕ್ಕಪಕ್ಕದ ಚೌಕಗಳಲ್ಲಿ ಎದುರು ಚಿಹ್ನೆಯ ಸುಳಿಗಳು ಜಾಸ್ತಿ ಕಂಡರೆ ಇದೇ. ಶುರುವಿನಲ್ಲಿ ಸ್ವಲ್ಪ ಹೊತ್ತು ಘರ್ಷಣೆ ಜೋರಾಗಿಟ್ಟು ಫೀಲ್ಡನ್ನು ತಣಿಸಿ, ಆಮೇಲೆ ನಿಜವಾದ ರನ್ ಶುರು ಮಾಡಿ. ಅವಳು ಇದನ್ನು ಮೊದಲೇ ಮಾಡಿದ್ದಳು.

ಬಲೆಯ ಕಣ್ಣು

ಈಗ ಅಸಲಿ ದೋಷ.

ಜುಲೈ ಆದ್ದರಿಂದ ಅವಳ ಅಪ್ಪ ಮನೆಯಲ್ಲೇ ಇದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಜಗಲಿ ತುಂಬ ಬಲೆ ಹರಡಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದರು. ನಾವು ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಹೊರಗೆ ಮಳೆ ಹೊಯ್ಯುತ್ತಿತ್ತು.

ನಾನು ಅವಳಿಗೆ ಹೇಳಿದೆ, ಸಂಖ್ಯೆಯ ಗ್ರಾಫ್ ಬಿಡು, ಸುಳಿ ಕೂತ ಜಾಗಗಳ ಪಟ್ಟಿ ತೆಗೆ ಅಂತ. ಸಮಯ 120, 140, 160, 180. ನಾಲ್ಕೂ ಪಟ್ಟಿ ಒಂದರ ಪಕ್ಕ ಒಂದು ಇಟ್ಟೆವು. ಎಲ್ಲ ಸುಳಿಗಳೂ ಅದೇ ಚೌಕದಲ್ಲಿ. ಒಂದು ಬಲ, ಒಂದು ಎಡ ಸುಳಿ ಬರೀ ಒಂಬತ್ತು ಚೌಕದ ದೂರದಲ್ಲಿ ಎದುರುಬದುರು ಕೂತು ಅಲುಗಾಡದೆ ಇದ್ದವು. ಇಷ್ಟು ಹತ್ತಿರ ಇದ್ದರೆ ಒಂದನ್ನೊಂದು ಎಳೆದು ಯಾವಾಗಲೋ ಅಳಿಸಿಹೋಗಬೇಕಿತ್ತು.

ಆಗ ಅವಳ ಹತ್ತಿರ ಕೇಳಿದೆ, ಸುಳಿಯ ತಿರುಳು, ಅಂದರೆ ಫೀಲ್ಡು ಸೊನ್ನೆಯ ಹತ್ತಿರ ಇರುವ ನಡುಭಾಗ, ಎಷ್ಟು ಅಗಲ ಅಂತ. "1, ಮೇಡಂ" ಅಂದಳು. ಅದು ಶುರುವಿನ ಅಗಲ. ಎರಡು ಚೌಕದಷ್ಟು. ಆದರೆ ನಮ್ಮ ಗ್ರಿಡ್ ಬ್ರಹ್ಮಾಂಡದ ಜೊತೆ ಹಿಗ್ಗುತ್ತದೆ. ಎಳೆಯ ದಪ್ಪ ಹಿಗ್ಗುವುದಿಲ್ಲ, ಅದು ನಿಜಜೀವನದ ಅಳತೆಯಲ್ಲಿ ಹಾಗೇ ಉಳಿಯುತ್ತದೆ. ಹಾಗಾಗಿ ಗ್ರಿಡ್‌ನ ಕಣ್ಣಿಗೆ ಎಳೆ ದಿನೇ ದಿನೇ ಸಪೂರ ಆಗುತ್ತಾ ಹೋಗುತ್ತದೆ. ಸಮಯ 50ಕ್ಕೆ ತಿರುಳು ಒಂದು ಚೌಕದಷ್ಟು. 100ಕ್ಕೆ ಅರ್ಧ ಚೌಕ. 200ಕ್ಕೆ ಕಾಲು ಚೌಕ.

ಅವಳ ಅಪ್ಪ ಹೆಣೆಯುತ್ತಲೇ ಕೇಳಿಸಿಕೊಳ್ಳುತ್ತಿದ್ದರು. "ಬಂಗುಡೆ ಬಲೆಯಲ್ಲಿ ಬೂತಾಯಿ ಹಿಡೀಲಿಕ್ಕೆ ಹೋದ ಹಾಗಾಯ್ತಲ್ಲ ಟೀಚರೇ. ಕಣ್ಣು ದೊಡ್ಡದಾಯ್ತು" ಅಂದರು.

ಹೌದು, ಮಾತು ಅದೇ. ಒಂದೇ ವ್ಯತ್ಯಾಸ. ಬಲೆಯ ಕಣ್ಣಿಗಿಂತ ಸಣ್ಣ ಮೀನು ನುಸುಳಿ ಹೋಗುತ್ತದೆ. ಗ್ರಿಡ್‌ನ ಕಣ್ಣಿಗಿಂತ ಸಣ್ಣ ಸುಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಯಾಕೆ ಅಂತ ನೋಡಿ. ಸುಳಿ ಚೌಕದ ನಟ್ಟನಡುವೆ ಕೂತರೆ ನಾಲ್ಕು ಮೂಲೆಯ ಬಿಂದುಗಳಲ್ಲೂ ಫೀಲ್ಡು ಪೂರ್ತಿ ಬೆಲೆಯಲ್ಲಿ ಆರಾಮಾಗಿ ಇರಬಹುದು. ಸೊನ್ನೆ ಆಗಬೇಕಾದ ಜಾಗದಲ್ಲಿ ಬಿಂದುವೇ ಇಲ್ಲ. ಪಕ್ಕದ ಚೌಕಕ್ಕೆ ಹೋಗಬೇಕಾದರೆ ನಡುವಿನ ಗೆರೆ ದಾಟಬೇಕು. ದಾಟುವ ಕ್ಷಣದಲ್ಲಿ ಆ ಗೆರೆಯ ಎರಡು ತುದಿಯ ಬಾಣಗಳು ಪೂರ್ತಿ ಎದುರು ದಿಕ್ಕಿಗೆ ತಿರುಗಬೇಕು. ಅದಕ್ಕೆ ತುಂಬ ಶಕ್ತಿ ಬೇಕು. ತಿರುಳು ಅಗಲ ಇರುವಾಗ ಆ ತುದಿಗಳಲ್ಲಿ ಫೀಲ್ಡೇ ಸಣ್ಣದಿರುತ್ತದೆ, ಆಗ ಈ ದಿಬ್ಬ ಗೊತ್ತೇ ಆಗುವುದಿಲ್ಲ. ತಿರುಳು ಸಪೂರ ಆದಾಗ ದಿಬ್ಬ ಗುಡ್ಡ ಆಗುತ್ತದೆ. ಈ ಗುಡ್ಡ ಬ್ರಹ್ಮಾಂಡದಲ್ಲಿ ಇಲ್ಲ, ನಮ್ಮ ಗ್ರಿಡ್‌ನಲ್ಲಿ ಮಾತ್ರ ಇದೆ.

ಅನುಮಾನ ಬಂದರೆ ಸಾಲದು, ಖಚಿತ ಮಾಡಿಕೊಳ್ಳಬೇಕು. ಎರಡು ಪರೀಕ್ಷೆ ಮಾಡಿದೆವು.

ಮೊದಲನೆಯದ್ದು ನಿಂತ ಪರೀಕ್ಷೆ. ಒಂದೇ ಸುಳಿಯನ್ನು ಚೌಕದ ನಡುವೆ ಇಟ್ಟು ತಣಿಸಿ ಶಕ್ತಿ ಅಳೆದೆವು. ಅದೇ ಸುಳಿಯನ್ನು ಸರಿಯಾಗಿ ಒಂದು ಬಿಂದುವಿನ ಮೇಲೆ ಇಟ್ಟು ಅಳೆದೆವು. ತಿರುಳು ಎರಡು ಚೌಕದಷ್ಟು ಇದ್ದಾಗ ಎರಡೂ ಹೆಚ್ಚುಕಡಿಮೆ ಒಂದೇ. ಅರ್ಧ ಚೌಕಕ್ಕೆ ಇಳಿಸಿದಾಗ ಅಂತರ ಎದ್ದು ಕಂಡಿತು.

ಎರಡನೆಯದ್ದು ಓಡುವ ಪರೀಕ್ಷೆ. ಹಿಗ್ಗುವಿಕೆ ಆಫ್ ಮಾಡಿ, ಒಂದು ಬಲ ಒಂದು ಎಡ ಸುಳಿಯನ್ನು ಇಪ್ಪತ್ತು ಚೌಕದ ದೂರದಲ್ಲಿ ಇಟ್ಟೆವು. ಅಂಚುಗಳನ್ನು ಒಂದಕ್ಕೊಂದು ಅಂಟಿಸಬಾರದು, ಒಂದೇ ಜೋಡಿ ಇದ್ದರೆ ಅಲ್ಲಿ ಕೋನ ಹೊಂದುವುದಿಲ್ಲ. ಜೋಡಿಯನ್ನು ಒಮ್ಮೆ ಗ್ರಿಡ್‌ನ ಸಾಲಿನಲ್ಲಿ ಇಟ್ಟು, ಒಮ್ಮೆ ಅಷ್ಟೇ ದೂರದಲ್ಲಿ ಮೂಲೆಗೆ ಓರೆಯಾಗಿ ಇಟ್ಟು ಅಳಿಸಿಹೋಗಲು ಎಷ್ಟು ಹೊತ್ತು ಬೇಕು ಅಂತ ನೋಡಬೇಕು. ಸುಳಿಗೆ ಗ್ರಿಡ್‌ನ ದಿಕ್ಕು ಗೊತ್ತಿರಬಾರದು. ಎರಡೂ ಒಂದೇ ಹೊತ್ತು ತೆಗೆದುಕೊಳ್ಳಬೇಕು. ಅಗಲ ತಿರುಳಿನಲ್ಲಿ ಹಾಗೇ ಆಯಿತು. ಸಪೂರ ತಿರುಳಿನಲ್ಲಿ ಎರಡೂ ಜೋಡಿ ಅಲ್ಲಾಡಲೇ ಇಲ್ಲ.

ಮೂರು ಆಯಾಮದಲ್ಲಾದರೆ ಇದನ್ನು ಕಣ್ಣಲ್ಲೇ ಹಿಡಿಯಬಹುದು. ಬಳುಕುವ ಎಳೆಗಳು ಬರುಬರುತ್ತಾ ಮೆಟ್ಟಿಲಿನ ಹಾಗೆ ನೆಟ್ಟಗೆ ಮುರಿದುಕೊಂಡು ಗ್ರಿಡ್‌ನ ಸಾಲಿಗೆ ಅಂಟಿದರೆ ಅಲ್ಲಿಗೇ ನಿಲ್ಲಿಸಿ.

ಮದ್ದು ಏನು? ಮೂರು ದಾರಿ. ಒಂದು, ತಿರುಳು ಒಂದು ಚೌಕಕ್ಕೆ ಇಳಿದ ಕೂಡಲೇ ರನ್ ನಿಲ್ಲಿಸುವುದು. ಅವಳ ಲೆಕ್ಕದಲ್ಲಿ ಅದು ಸಮಯ 50. 25ರಿಂದ 50ರವರೆಗೆ ಓಡಿಸಿ ಸ್ಕೇಲಿಂಗ್ ನೋಡಿದೆ ಅನ್ನಲು ಆಗುವುದಿಲ್ಲ. ಎರಡು, ಗ್ರಿಡ್‌ನ ಕಣ್ಣು ಸಣ್ಣ ಮಾಡುವುದು. 200ರವರೆಗೆ ಹೋಗಬೇಕಾದರೆ 4096ಕ್ಕೆ 4096 ಬೇಕು. ಎರಡು ಆಯಾಮದಲ್ಲಿ ಇದು ಸುಮಾರು ಅರ್ಧ ಗಿಗಾಬೈಟ್, ಲ್ಯಾಪ್‌ಟಾಪ್‌ಗೆ ಕಷ್ಟ ಇಲ್ಲ. ಮೂರು ಆಯಾಮದಲ್ಲಿ ಅದೇ ಗ್ರಿಡ್ ಎರಡು ಟೆರಾಬೈಟ್ ಮೆಮೊರಿ ಕೇಳುತ್ತದೆ. ಎಳೆ ಇರುವ ಕಡೆ ಮಾತ್ರ ಕಣ್ಣು ಸಣ್ಣ ಮಾಡುವ ವಿಧಾನವೂ ಇದೆ, ಆದರೆ ಅದರ ಕೋಡ್ ಬರೆಯುವುದೇ ಒಂದು ಪ್ರಾಜೆಕ್ಟ್.

ಮೂರನೆಯದ್ದನ್ನು ನಾವು ಹಿಡಿದೆವು. 1989ರಲ್ಲಿ ಪ್ರೆಸ್, ರೈಡನ್ ಮತ್ತು ಸ್ಪರ್ಗಲ್ ಗೋಡೆಗಳಿಗೆ ಮಾಡಿದ ಉಪಾಯ ಇದು. ಫೀಲ್ಡನ್ನು ಎಳೆಯುವ ಬಲದಿಂದ ಸ್ಕೇಲ್ ಫ್ಯಾಕ್ಟರಿನ ವರ್ಗವನ್ನು ತೆಗೆದುಹಾಕುವುದು. ಆಗ ತಿರುಳು ಗ್ರಿಡ್‌ನ ಜೊತೆಗೇ ಹಿಗ್ಗುತ್ತದೆ. ಯಾವಾಗ ನೋಡಿದರೂ ಎರಡು ಚೌಕದಷ್ಟೇ ಅಗಲ. ಅವರು ಘರ್ಷಣೆಯ ಪದದಲ್ಲಿ 2 ಇದ್ದಲ್ಲಿ 3 ಹಾಕಿದರು, ಗೋಡೆಯ ಓಟ ಹಿಗ್ಗುವಿಕೆಯಿಂದ ಸರಿಯಾದ ಪ್ರಮಾಣದಲ್ಲಿ ತಗ್ಗಲಿ ಅಂತ. ಎಳೆಗಳಿಗೆ ಈ ಉಪಾಯ ಬಳಸುವಾಗ 2ನ್ನೇ ಉಳಿಸಿಕೊಂಡವರೂ ಇದ್ದಾರೆ. ಅವಳು ಎರಡನ್ನೂ ಓಡಿಸಿ ನೋಡಿದಳು. ಎರಡರಲ್ಲೂ ಸುಳಿಗಳು ಹೊರಟವು. ಸಮಯ 100ಕ್ಕಿಂತ 200ರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಉಳಿದವು. 62ರ ಮೇಜು ಮಾಯ.

ಆದರೆ ಇದಕ್ಕೆ ಒಂದು ಬೆಲೆ ತೆರಬೇಕು. ಅದನ್ನು ವರದಿಯಲ್ಲಿ ಬರೆಯಲೇಬೇಕು ಅಂತ ಅವಳಿಗೆ ಹೇಳಿದೆ. ಇವು ನಿಜದ ಎಳೆಗಳಲ್ಲ, ದಪ್ಪ ಎಳೆಗಳು. ಅವಳದ್ದು ಗ್ಲೋಬಲ್ ಬಗೆಯ ಎಳೆ, ಆಕ್ಸಿಯಾನ್ (ಇದೆಯೆಂದು ಊಹಿಸಿರುವ ಒಂದು ತೀರ ಹಗುರ ಕಣ) ವಿಚಾರದಲ್ಲಿ ಬರುವಂಥದ್ದು. ಅದರ ತೂಕ ತಿರುಳಿನಲ್ಲಿ ಮಾತ್ರ ಇಲ್ಲ, ಸುತ್ತ ದೂರದವರೆಗೂ ಹರಡಿರುತ್ತದೆ. ಎಳೆಗಳ ನಡುವಿನ ದೂರಕ್ಕೂ ತಿರುಳಿನ ಅಗಲಕ್ಕೂ ಇರುವ ಅನುಪಾತದ ಲಾಗರಿದಮ್‌ನಷ್ಟು ಅದು ಏರುತ್ತದೆ. ಆಕ್ಸಿಯಾನ್‌ಗೆ ಬೇಕಾದ ಹೊತ್ತಿನಲ್ಲಿ ಆ ಲಾಗರಿದಮ್ ಸುಮಾರು 70. ಅವಳ ಲ್ಯಾಪ್‌ಟಾಪಿನಲ್ಲಿ 5ರ ಹತ್ತಿರ. ದೊಡ್ಡ ದೊಡ್ಡ ಕಂಪ್ಯೂಟರ್‌ಗಳಲ್ಲೂ ಹತ್ತರ ಒಳಗೇ ಇರುತ್ತದೆ. ಸ್ಕೇಲಿಂಗ್ ಇದೆ ಅನ್ನುವುದಕ್ಕೆ ಅವಳ ರನ್ ಸಾಕು. ಆಕ್ಸಿಯಾನ್ ಎಷ್ಟು ಹುಟ್ಟಿತು ಅನ್ನಲು ಸಾಲದು.

ಕರೆಂಟು ಹೋದಾಗ

ಎರಡನೇ ದಿನ ಮಧ್ಯಾಹ್ನ ಗುಡುಗು ಬಂತು, ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು. ನಮ್ಮ ಕಡೆ ಮಳೆಗಾಲದಲ್ಲಿ ಇದು ಇದ್ದದ್ದೇ, ಅದಕ್ಕೆ ಅವಳು ಪ್ರತಿ ಸಾವಿರ ಹೆಜ್ಜೆಗೆ ಫೈಲ್ ಉಳಿಸುತ್ತಿದ್ದಳು. ಕರೆಂಟು ಬಂದ ಮೇಲೆ ಅಲ್ಲಿಂದ ಮುಂದುವರಿಸಿದಳು. ಗ್ರಾಫ್‌ನಲ್ಲಿ ಅದೇ ಜಾಗದಲ್ಲಿ ಶಕ್ತಿಯ ಗೆರೆ ಒಂದು ಸಣ್ಣ ಹಲ್ಲು ಕಚ್ಚಿದ ಹಾಗೆ ಮೇಲೆದ್ದಿತು.

ನಮ್ಮಿಬ್ಬರಿಗೂ ಅರ್ಧ ಗಂಟೆ ಬೇಕಾಯಿತು. ಲೀಪ್‌ಫ್ರಾಗ್‌ನಲ್ಲಿ ಫೀಲ್ಡು ಪೂರ್ತಿ ಹೆಜ್ಜೆಯಲ್ಲಿ ಇರುತ್ತದೆ, ವೇಗ ಅರ್ಧ ಹೆಜ್ಜೆ ಹಿಂದೆ ಇರುತ್ತದೆ. ಮೊದಲ ಸಲ ಶುರು ಮಾಡುವಾಗ ವೇಗವನ್ನು ಆ ಅರ್ಧ ಹೆಜ್ಜೆಗೆ ತಳ್ಳುವ ಸಾಲೊಂದು ಕೋಡ್‌ನಲ್ಲಿ ಇತ್ತು. ಫೈಲಿನಿಂದ ಮುಂದುವರಿಸುವಾಗಲೂ ಅದೇ ಸಾಲು ಓಡುತ್ತಿತ್ತು. ಮೊದಲೇ ಅರ್ಧ ಹೆಜ್ಜೆಯಲ್ಲಿದ್ದ ವೇಗ ಇನ್ನೂ ಅರ್ಧ ಹೆಜ್ಜೆ ತಪ್ಪಿತು. ಆ ಸಾಲನ್ನು ಹೊಸ ರನ್‌ಗೆ ಮಾತ್ರ ಅಂತ ಮಾಡಿದ ಮೇಲೆ ಹಲ್ಲು ಹೋಯಿತು. ಪರೀಕ್ಷೆ ಸುಲಭ. ಒಂದು ರನ್ ನಿಲ್ಲಿಸದೆ ಓಡಿಸಿ. ಅದನ್ನೇ ನಡುವೆ ನಿಲ್ಲಿಸಿ ಮುಂದುವರಿಸಿ. ಕೊನೆಯ ಫೀಲ್ಡು ಎರಡರಲ್ಲೂ ಕೊನೆಯ ಅಂಕೆವರೆಗೂ ಒಂದೇ ಇರಬೇಕು. ಫೈಲಿಗೆ ಕಡಿಮೆ ಅಂಕೆಗಳಲ್ಲಿ ಬರೆದಿದ್ದರೆ ಅದೂ ಇಲ್ಲಿ ಗೊತ್ತಾಗುತ್ತದೆ.

ಬಾಕ್ಸು ತನ್ನನ್ನೇ ನೋಡಿಕೊಂಡಾಗ

ದಪ್ಪ ಎಳೆಯ ಖುಷಿಯಲ್ಲಿ ಅವಳು ರನ್ನನ್ನು 400ರವರೆಗೆ ಬಿಟ್ಟಳು. 300ರ ಆಚೆ ಗೆರೆ ಮತ್ತೆ ಬಾಗಿತು. "ಪುನಃ ಶುರುವಾಯ್ತು ಮೇಡಂ" ಅಂತ ಸಪ್ಪೆ ಮುಖ ಮಾಡಿದಳು.

ಇದು ಬೇರೆಯೇ ವಿಷಯ. ಬಾಕ್ಸಿನ ಅಂಚುಗಳು ಅಂಟಿಕೊಂಡಿವೆ. ಒಂದು ಜಾಗದಿಂದ ಎಡಕ್ಕೆ ಹೊರಟ ಅಲೆಯೂ ಬಲಕ್ಕೆ ಹೊರಟ ಅಲೆಯೂ ಬಾಕ್ಸಿನ ಹಿಂಬದಿಯಲ್ಲಿ ಭೇಟಿಯಾಗುತ್ತವೆ. ಅಗಲ 512, ಆದ್ದರಿಂದ 256 ಸಮಯ ಕಳೆದಾಗ ಭೇಟಿ. 25ರಿಂದ ಶುರು ಮಾಡಿದ್ದರಿಂದ 281. ಅಲ್ಲಿಂದ ಮುಂದೆ ಬಾಕ್ಸಿಗೆ ತನ್ನ ಗಾತ್ರ ಗೊತ್ತಾಗಿಬಿಡುತ್ತದೆ. ನಿಜವಾದ ಬ್ರಹ್ಮಾಂಡಕ್ಕೆ ಇಂಥ ಅಂಚು ಇಲ್ಲ. 281ರ ಆಚೆಯ ಚುಕ್ಕಿಗಳನ್ನು ಗ್ರಾಫಿನಿಂದ ತೆಗೆಯಬೇಕು ಅಷ್ಟೆ. ಸಂಖ್ಯೆ ಚೆನ್ನಾಗಿ ಕಾಣುತ್ತಿದ್ದರೂ ತೆಗೆಯಬೇಕು.

ಇನ್ನೊಂದೂ ಇದೆ. ಆ ಹೊತ್ತಿಗೆ ಉಳಿಯುವುದು ಬೆರಳೆಣಿಕೆಯ ಸುಳಿಗಳು. ಒಂದು ಜೋಡಿ ಅಳಿಸಿಹೋದರೂ ಗೆರೆ ದಡಕ್ಕನೆ ಬೀಳುತ್ತದೆ. ಒಂದೇ ರನ್ ನಂಬಿ ಇಳಿಜಾರು ಅಳೆಯಬೇಡಿ. ಬೇರೆ ಬೇರೆ ಸೀಡ್ (ಅಡ್ಡಾದಿಡ್ಡಿ ಸಂಖ್ಯೆಗಳನ್ನು ಶುರು ಮಾಡುವ ಅಂಕೆ) ಕೊಟ್ಟು ಹತ್ತು ಹದಿನೈದು ರನ್ ಓಡಿಸಿ ಸರಾಸರಿ ತೆಗೆಯಿರಿ. ಸೀಡ್ ನಿಜಕ್ಕೂ ಬದಲಾಗಿದೆಯಾ ಅಂತಲೂ ನೋಡಿ. ಅವಳ ಮೊದಲ ಹತ್ತು ರನ್‌ಗಳಲ್ಲಿ ಸೀಡಿನ ಸಾಲು ಲೂಪಿನ ಒಳಗೆ ಸೇರಿ, ಹತ್ತೂ ರನ್ ಅವಳಿಜವಳಿಯ ಹಾಗೆ ಒಂದೇ ಆಗಿದ್ದವು. ಎರರ್ ಬಾರ್, ಅಂದರೆ ರನ್‌ನಿಂದ ರನ್‌ಗೆ ಬರುವ ಏರುಪೇರು, ಸೊನ್ನೆ ಬಂದದ್ದರಿಂದ ಸಿಕ್ಕಿತು. ನಿಜದ ಅಳತೆಯಲ್ಲಿ ಎರರ್ ಬಾರ್ ಸೊನ್ನೆ ಬರಲು ಸಾಧ್ಯ ಇಲ್ಲವಲ್ಲ.

ಮೂರು ಆಯಾಮಕ್ಕೆ ಇಳಿದಾಗ

ಆಗಸ್ಟ್ ಮೊದಲ ವಾರ ಅವಳ ಅಪ್ಪನ ಬೋಟು ಕಡಲಿಗೆ ಇಳಿಯಿತು. ಅದೇ ವಾರ ಅವಳು 256ರ ಘನ ಗ್ರಿಡ್‌ನಲ್ಲಿ ನಿಜವಾದ ಎಳೆಗಳನ್ನು ಶುರು ಮಾಡಿದಳು. ಮೆಮೊರಿ ಅರ್ಧ ಗಿಗಾಬೈಟ್, ಅದಕ್ಕೆ ತೊಂದರೆ ಇಲ್ಲ.

ಇಲ್ಲಿ ಎಣಿಕೆಗೆ ಹೊಸ ಪರೀಕ್ಷೆ ಬೇಕು. ಎಳೆಗೆ ತುದಿ ಇರುವುದಿಲ್ಲ. ಒಂದು ಚಿಕ್ಕ ಘನದ ಒಳಗೆ ಎಷ್ಟು ಎಳೆ ಹೋಯಿತೋ ಅಷ್ಟೇ ಹೊರಗೆ ಬರಬೇಕು. ಆರು ಮುಖಗಳ ಮೊತ್ತ ಪ್ರತಿ ಘನದಲ್ಲೂ ಸೊನ್ನೆ. ಒಂದು ಕೋಟಿ 67 ಲಕ್ಷ ಘನಗಳಲ್ಲಿ ಒಂದೇ ಒಂದು ತಪ್ಪಿದರೂ ಕೋಡ್ ತಪ್ಪು. ಇನ್ನೊಂದು ಪರೀಕ್ಷೆ 1984ರ ವಾಚಸ್ಪತಿ ಮತ್ತು ವಿಲೆಂಕಿನ್ ಅವರದ್ದು. ಕೋನಕ್ಕೆ ಮೂರೇ ಬೆಲೆ ಕೊಟ್ಟು ಅಡ್ಡಾದಿಡ್ಡಿ ಹಂಚಿದರೆ ಒಂದು ಮುಖದಲ್ಲಿ ಎಳೆ ಹಾಯುವ ಸಾಧ್ಯತೆ 27ರಲ್ಲಿ 8. ಎಳೆಗಳ ಒಟ್ಟು ಉದ್ದದಲ್ಲಿ ಸುಮಾರು 80 ಶೇಕಡ ಕೊನೆಯೇ ಇಲ್ಲದ ಉದ್ದ ಎಳೆಗಳಲ್ಲಿ, ಉಳಿದದ್ದು ಸಣ್ಣ ಕುಣಿಕೆಗಳಲ್ಲಿ ಅಂತ ಅವರು ಕಂಡಿದ್ದರು.

ರಾತ್ರಿ ಹತ್ತಕ್ಕೆ ಅವಳ ಮೆಸೇಜ್ ಬಂತು. ಮುಖದ ಪರೀಕ್ಷೆ ಪಾಸು. ಘನದ ಪರೀಕ್ಷೆ ಫೇಲು, ಸಾವಿರಾರು ಘನಗಳಲ್ಲಿ ಎಳೆ ತುಂಡಾಗಿದೆ.

"ಆ ಘನಗಳು ಎಲ್ಲಿ ಉಂಟು, ನೋಡಿದ್ಯಾ?" ಅಂತ ಕೇಳಿದೆ.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. "ಎಲ್ಲ ಬಾಕ್ಸಿನ ಮೇಲಿನ ಅಂಚಲ್ಲೇ ಉಂಟು ಮೇಡಂ. ಮೂರನೇ ದಿಕ್ಕಿಗೆ ಅಂಚು ಅಂಟಿಸ್ಲೇ ಇಲ್ಲ ನಾನು. ಈಗ ಸರಿ ಮಾಡ್ತೇನೆ."